ಹಿಮಕ್ಕೆ ಒಣಮೀನು ಹೊತ್ತವರು

ಈಗಿನ ಚಾರಣದ ಹುಡುಗ ಹುಡುಗಿಯರ ಬೆನ್ನ ಮೇಲಿನ ಚೀಲ ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದರಲ್ಲೆಲ್ಲ ಅದರ ವಾಸನೆ ಹೊಡೆಯುತ್ತದೆ. ನಾವು ಹೊತ್ತ ಒಂದು ಟೆಂಟಿನ ತೂಕದಲ್ಲಿ ನಿಮ್ಮ ಟೆಂಟು, ಹಾಸಿಗೆ, ಕೋಟು ಮೂರೂ ಮುಗಿಯುತ್ತವೆ. ನಿಮ್ಮ ಜಾಕೆಟ್ಟು ಮಡಚಿದರೆ ಒಂದು ತೆಂಗಿನಕಾಯಿಯಷ್ಟು. ನಮ್ಮದನ್ನು ಮಡಚಿದರೆ ಇನ್ನೊಬ್ಬ ಮನುಷ್ಯನನ್ನು ಹೊತ್ತಂತೆ ಇರುತ್ತಿತ್ತು. ಆದರೂ ನೀರಿಗೆ ಮಾತ್ರ ಇನ್ನೂ ಯಾರೂ ಹಗುರದ ಉಪಾಯ ಕಂಡುಹಿಡಿದಿಲ್ಲ. ಲೀಟರಿಗೆ ಒಂದು ಕಿಲೋ ಅಂದೂ ಇತ್ತು, ಇಂದೂ ಇದೆ. ಅಷ್ಟೊಂದು ಸಮಾಧಾನ ನನಗುಂಟು.

ಕುಮಟಾದಲ್ಲಿ ರೈಲು ನಿಲ್ದಾಣಕ್ಕೆ ಹೋಗುವ ರಸ್ತೆಯ ಒಂದು ಚಾರಣ ಸಂಸ್ಥೆಯಲ್ಲಿ ನಾನು ಕೆಲಸ ಮಾಡಿದವನು. ಮಳೆಗಾಲ ಕಳೆದ ಮೇಲೆ ಯಾಣದ ಕಾಡಿಗೆ, ಚಳಿಗಾಲದಲ್ಲಿ ಹಿಮಾಲಯಕ್ಕೆ ಜನರನ್ನು ಕರೆದೊಯ್ಯುವ ಸಂಸ್ಥೆ. ಅದರ ಮಾಲೀಕರು ಪ್ರಭುಗಳು, ನಮಗೆಲ್ಲ ಪ್ರಭು ಮಾಮ. ಈ ವರ್ಷ ಮಾರ್ಗದರ್ಶಕರ ಕೆಲಸಕ್ಕೆ ಹೊಸಬರು ಸೇರಿದ್ದಾರೆಂದು ಅವರು ನನ್ನನ್ನು ಕರೆಸಿದರು. "ನಾಯ್ಕ ಮಾಸ್ತರೆ, ಚಳಿಯಲ್ಲಿ ನೀರು ಮತ್ತೆ ಬ್ಯಾಗಿನ ಭಾರ, ಇದ್ರ ಬಗ್ಗೆ ಬರ್ದು ಕೊಡಿ. ನಿಮ್ಗೆ ಬಡ್ತಿ ಗಿಡ್ತಿ ಸಿಕ್ಕಿದ್ದೆಲ್ಲ ಬರೀಬೇಡಿ, ಯಾರೂ ಓದುದಿಲ್ಲ," ಎಂದರು. ಬರೆಯುವಂಥ ಬಡ್ತಿ ನನಗೆ ಒಂದೇ ಸಿಕ್ಕಿದ್ದು. ಅದು ಸಿಕ್ಕಿದ್ದು ಹೇಗೆ ಎನ್ನುವುದನ್ನು ಬರೆಯಲೇಬೇಕಾಗಿದೆ.

ಮೊದಲು ನನ್ನ ಪೆದ್ದುತನಗಳು. ಕಡಲ ಕರೆಯಲ್ಲಿ ಹುಟ್ಟಿದವನಿಗೆ ಮಂಜುಗಡ್ಡೆಯೆಂದರೆ ಬಂದರಿನ ಐಸು. ಮೀನು ಕೆಡದ ಹಾಗೆ ಲಾರಿಯಲ್ಲಿ ಬರುವ ವಸ್ತು. ಅದು ನನ್ನ ಬಾಟಲಿಯೊಳಗೆ ತಾನಾಗಿ ಹುಟ್ಟುತ್ತದೆ ಎಂದು ಯಾರು ಅಂದುಕೊಂಡಿದ್ದರು? ಮೊದಲ ಚಳಿಗಾಲದಲ್ಲಿ ಬಾಟಲಿಗಳನ್ನೆಲ್ಲ ಬಾಯಿಮಟ್ಟ ತುಂಬಿಸಿ, ಮನೆಯಲ್ಲಿ ಕೊಡಪಾನ ಸಾಲಿಡುವ ಹಾಗೆ ಟೆಂಟಿನ ಹೊರಗೆ ಸಾಲಾಗಿಟ್ಟು ಮಲಗಿದೆ. ಬೆಳಿಗ್ಗೆ ಎದ್ದರೆ ಹನ್ನೊಂದು ಕಲ್ಲು. ಎರಡು ಸೀಳಿದ್ದವು. ಹನ್ನೊಂದು ಜನ ನನ್ನ ಮುಖ ನೋಡುತ್ತ ನಿಂತಿದ್ದರು.

ಇನ್ನೊಂದು ವರ್ಷ ಚೀಲದಿಂದ ಬಾಯಿಗೆ ಬರುವ ಪೈಪಿನ ನೀರುಚೀಲ ತಂದರು. ನಡೆಯುತ್ತ ಹೀರಬಹುದು, ನಿಲ್ಲಬೇಕಾಗಿಲ್ಲ. ಯಾಣದ ಏರಿನಲ್ಲಿ ಪರೀಕ್ಷೆ ಮಾಡಿ ಭೇಷ್ ಅಂದೆ. ಹಿಮದಲ್ಲಿ ಒಂದು ತಾಸಿನೊಳಗೆ ಪೈಪು ಕಟ್ಟಿಗೆಯಾಯಿತು. ಹೀರಿದ ಮೇಲೆ ಊದಿ ನೀರನ್ನು ಹಿಂದಕ್ಕೆ ಕಳಿಸಬೇಕು ಎನ್ನುವುದು ಆಮೇಲೆ ತಿಳಿಯಿತು. ನೀರು ಸೋಸುವ ಯಂತ್ರವೂ ಹಾಗೆಯೇ. ಒಮ್ಮೆ ಒಳಗೆ ಹೆಪ್ಪುಗಟ್ಟಿದರೆ ಅದು ಹಾಳಾದದ್ದು ಹೊರಗೆ ಕಾಣುವುದಿಲ್ಲ. ಹೊಟ್ಟೆ ಕೆಟ್ಟಾಗಲೇ ಗೊತ್ತಾಗುವುದು. ಅದನ್ನು ರಾತ್ರಿ ನಿಮ್ಮ ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ. ಗ್ಯಾಸ್ ಡಬ್ಬಿಗೂ ಅಲ್ಲೇ ಜಾಗ ಕೊಡಿ. ಮದುವೆಯಾದವರಿಗೆ ಇದು ಸ್ವಲ್ಪ ಇಕ್ಕಟ್ಟು, ಆದರೂ ಕೊಡಿ.

ಇಷ್ಟೆಲ್ಲ ತಪ್ಪಿದರೂ ನನಗೊಂದು ಹೆಸರಿತ್ತು. ಹೊರಡುವ ಹಿಂದಿನ ದಿನ ಸಂಸ್ಥೆಯ ಜಗಲಿಯ ತೊಲೆಗೆ ಸ್ಪ್ರಿಂಗ್ ತಕ್ಕಡಿ ತೂಗುಹಾಕಿ ಎಲ್ಲರ ಚೀಲ ತೂಗುತ್ತಿದ್ದೆ. ಹನ್ನೆರಡು ಕಿಲೋ ದಾಟಿದರೆ ಅಲ್ಲೇ ಬಿಚ್ಚಿಸುತ್ತಿದ್ದೆ. ಬ್ಯಾಂಕಿನ ಮ್ಯಾನೇಜರ ಇರಲಿ, ಡಾಕ್ಟರ ಇರಲಿ, ಜಗಲಿಯ ಮೇಲೆ ನಿಂತು ತಮ್ಮ ಎರಡನೆಯ ಟವಲು, ಮೂರನೆಯ ಪ್ಯಾಂಟು, ದೇವರ ಫೋಟೋ ಹೊರಗೆ ತೆಗೆಯುತ್ತಿದ್ದರು. ಜನ ನನ್ನನ್ನು ತಕ್ಕಡಿ ಮಾಸ್ತರು ಎನ್ನುತ್ತಿದ್ದರು. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು.

ನಾಗವೇಣಿ ಬಂದದ್ದು ಆಗ. ಶರಾವತಿ ಕಡಲು ಸೇರುವಲ್ಲಿರುವ ಮಾವಿನಕುರ್ವೆಯವಳು. ಅಪ್ಪ ದೋಣಿಯಲ್ಲಿ, ತಾಯಿ ಮೀನುಬುಟ್ಟಿ ಹೊತ್ತು ಹೊನ್ನಾವರದ ಮನೆಮನೆಗೆ. ಇವಳೂ ಹತ್ತು ವರ್ಷ ಆ ಬುಟ್ಟಿ ಹೊತ್ತವಳೇ. ಪ್ರಭು ಮಾಮ ಅಡಿಗೆ ಕೆಲಸಕ್ಕೆಂದು ತೆಗೆದುಕೊಂಡರು. ಮೊದಲ ದಿನವೇ ನಾನು ತೂಗಿ ಪಕ್ಕಕ್ಕಿಟ್ಟ ಒಂದು ಚೀಲವನ್ನು ಎರಡೇ ಬೆರಳಲ್ಲಿ ಎತ್ತಿ ಕೆಳಗಿಟ್ಟಳು.

"ಮಾಸ್ತರೆ, ನಿಮ್ ತಕ್ಕಡಿ ಸುಳ್ಳು ಹೇಳ್ತದೆ."

"ಎಂತ ಸುಳ್ಳು?"

"ಇದು ಹನ್ನೆರ್ಡು ಅಲ್ಲ. ಹದ್ಮೂರೂವರೆ ಅದೆ."

ಹತ್ತಾರು ಜನರ ಎದುರು. ನಾನು ನಕ್ಕೆ. ಪ್ರಭು ಮಾಮ ನಗಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ಕಾಟಾಕ್ಕೆ ಚೀಲ ಕಳಿಸಿದರು. ಹದಿಮೂರು ಕಿಲೋ ಆರುನೂರು ಗ್ರಾಮ್. ಕಡಲಗಾಳಿಗೆ ನನ್ನ ತಕ್ಕಡಿಯ ಸ್ಪ್ರಿಂಗು ತುಕ್ಕು ಹಿಡಿದು ಬಿಗಿಯಾಗಿತ್ತು. ಎಷ್ಟು ವರ್ಷದಿಂದ ಜನ ನನ್ನ ಮಾತು ನಂಬಿ ಹೆಚ್ಚಿನ ಭಾರ ಹೊತ್ತಿದ್ದರೋ ದೇವರೇ ಬಲ್ಲ. ಅಂದಿನಿಂದ ಜನ ತಕ್ಕಡಿಯ ಹತ್ತಿರ ಬರುವ ಮೊದಲು ಅವಳ ಹತ್ತಿರ ಹೋಗಿ "ಇದ್ನೊಂದು ಎತ್ತಿ ನೋಡು ನಾಗವೇಣಿ" ಅನ್ನತೊಡಗಿದರು. ನನಗೆ ಹೊಟ್ಟೆಯಲ್ಲಿ ಒಲೆ ಹಚ್ಚಿದಂತಾಯಿತು. ಅದು ಇವತ್ತಿಗೂ ಪೂರ್ತಿ ಆರಿಲ್ಲ.

ನೀರಿನ ವಿಷಯದಲ್ಲಿ ಅವಳಿಗೆ ಯಾರೂ ಏನೂ ಕಲಿಸಬೇಕಾಗಿರಲಿಲ್ಲ. ಸುತ್ತ ನೀರೇ ಇರುವ ಕಡಲಲ್ಲಿ ಕುಡಿಯುವ ನೀರಿಗೆ ಎಷ್ಟು ಬೆಲೆ ಎಂದು ದೋಣಿಯ ಮನೆಯವರಿಗೆ ಗೊತ್ತು. ಸುತ್ತ ಹಿಮವೇ ಇರುವ ಬೆಟ್ಟಕ್ಕೆ ಬಂದಾಗ ಅವಳಿಗೆ ಇದೇನೂ ಹೊಸತೆನಿಸಲಿಲ್ಲ. ಹಳ್ಳ ಸಿಕ್ಕಿದಲ್ಲೆಲ್ಲ ಎಲ್ಲರನ್ನೂ ಕೂರಿಸಿ, ಮುಂದೆ ನಿಂತು ಕುಡಿಸುತ್ತಿದ್ದಳು. ಸಾಕು ಎಂದವರಿಗೂ ಇನ್ನೊಂದು ಲೋಟ. "ಬೆನ್ ಮೇಲೆ ಹೊತ್ಕಂಡು ಹೋಗುಕಿಂತ ಹೊಟ್ಟೆಲಿ ಹೊತ್ಕಂಡು ಹೋಗುದು ಲಾಯ್ಕು. ಕುಡೀರಿ," ಎನ್ನುತ್ತಿದ್ದಳು. ಚಳಿಯಲ್ಲಿ ಬಾಯಾರಿದ್ದು ಮನುಷ್ಯನಿಗೆ ತಿಳಿಯುವುದಿಲ್ಲ. ಯಾಣದ ಸೆಕೆಯಲ್ಲಿ ಕೇಳಿ ಕೇಳಿ ಕುಡಿದವನೇ ಹಿಮದಲ್ಲಿ ಬಾಟಲಿ ಮುಟ್ಟುವುದಿಲ್ಲ. ಸಂಜೆ ತಲೆನೋವೆಂದು ಕೂತವನನ್ನು ಅವಳು ಸಂಕೋಚವಿಲ್ಲದೆ ಕೇಳುತ್ತಿದ್ದಳು, "ಉಚ್ಚೆ ಎಂತ ಬಣ್ಣ?" ಎಂದು. ಹಳದಿ ಜಾಸ್ತಿಯಾದರೆ ಲೋಟ ಬರುತ್ತಿತ್ತು.

ಬಾಟಲಿ ತಲೆಕೆಳಗಾಗಿ ಇಡುವುದನ್ನು ಈಗ ನೀವೆಲ್ಲ ಮೊದಲ ದಿನವೇ ಕಲಿಯುತ್ತೀರಿ. ನಮ್ಮಲ್ಲಿ ಅದನ್ನು ಶುರುಮಾಡಿದ್ದು ಅವಳು. ಒಂದು ಬೆಳಿಗ್ಗೆ ಹಳ್ಳದ ಮೇಲೆ ಗಾಜಿನ ಹಾಗೆ ಕಟ್ಟಿದ್ದ ಮಂಜನ್ನು ಕಲ್ಲಿನಿಂದ ಒಡೆದು ಕೆಳಗಿನ ನೀರು ತುಂಬುತ್ತಿದ್ದವಳು ಸುಮ್ಮನೆ ನಿಂತಳು. "ಇದು ಮೇಲಿಂದ ಕಟ್ತದೆ ಮಾಸ್ತರೆ. ಹಾಗಾದ್ರೆ ಬಾಟ್ಲಿ ಬಾಯಿ ಕೆಳಗಿಟ್ರೆ ಆತಲ್ಲ?" ಎಂದಳು. ಅಂದು ಸಂಜೆ ಬಿಸಿನೀರು ತುಂಬಿ, ಸ್ವಲ್ಪ ಜಾಗ ಬಿಟ್ಟು, ಉಣ್ಣೆಯ ಕಾಲುಚೀಲ ತೊಡಿಸಿ, ತಲೆಕೆಳಗಾಗಿ ಇಟ್ಟೆವು. ಬೆಳಿಗ್ಗೆ ಎಲ್ಲ ಬಾಟಲಿಯ ಬಾಯೂ ತೆರೆಯಿತು. ಊರಿಗೆ ಬಂದು ನಾನು ಸೂಚನಾಪತ್ರಿಕೆಯಲ್ಲಿ ಇದನ್ನು ಬರೆದೆ. ಕೆಳಗೆ ನನ್ನ ಹೆಸರೊಂದೇ ಇತ್ತು. ಅವಳು ಓದಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಜನ ಅವಳನ್ನು ಕೇಳಿಕೊಂಡು ಬರತೊಡಗಿದರು. "ಆ ಅಕ್ಕ ಬತ್ತಾರ್ಯಾ? ಬಂದ್ರೆ ನಾವೂ ಬತ್ತೇವು," ಎಂದು ಫೋನು. ನಾನಿದ್ದೇನೆ ಎಂದು ಯಾರೂ ಬಂದದ್ದು ನನಗೆ ನೆನಪಿಲ್ಲ. ಚಾರಣ ಮುಗಿಸಿ ತೆಗೆಸಿಕೊಂಡ ಫೋಟೋಗಳಲ್ಲಿ ಅವಳು ನಡುವೆ, ನಾನು ಬದಿಗೆ. ಬೆಂಕಿಯ ಸುತ್ತ ಕೂತಾಗ ಅವಳು ಮಾತಾಡಿದರೆ ಎಲ್ಲರೂ ಕೇಳುತ್ತಿದ್ದರು, ನಾನು ಮಾತಾಡಿದರೆ ಯಾರಾದರೂ ಚಹಾ ಇದೆಯಾ ಎನ್ನುತ್ತಿದ್ದರು. ನಾನು ಅವಳ ಅಡಿಗೆಯಲ್ಲಿ ಉಪ್ಪು ಹೆಚ್ಚೆಂದು ಸುಮ್ಮಸುಮ್ಮನೆ ಹೇಳುತ್ತಿದ್ದೆ. ಹೆಚ್ಚಾಗಿರುತ್ತಿರಲಿಲ್ಲ.

ಕೊನೆಗೆ ಒಂದು ಮಾರ್ಗಶಿರದಲ್ಲಿ ಪ್ರಭು ಮಾಮ ನನ್ನೊಬ್ಬನನ್ನೇ ಕೋಣೆಗೆ ಕರೆದರು. "ಭಾರ ಜಾಸ್ತಿ ಅಂತ ಜನ ದೂರ್ತಾ ಇದ್ದಾರೆ ಮಾಸ್ತರೆ. ಈ ಸಲ ಒಬ್ಬೊಬ್ಬರಿಗೆ ಹತ್ತು ಕಿಲೋ ಒಳಗೆ ಮಾಡಿ, ಮೇಲಿನ ಕಣಿವೆದಾರಿ ದಾಟಿಸಿ ಕರ್ಕೊಂಡು ಬನ್ನಿ. ಆತು ಅಂದ್ರೆ ಚಳಿಗಾಲದ ತಂಡಗಳಿಗೆಲ್ಲ ಮುಖ್ಯಸ್ಥರು ನೀವೇ. ನಿಮ್ಮಿಂದ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ನಾಗವೇಣಿಗೆ ಕೊಡ್ತೆ. ಬೇಸರ ಮಾಡ್ಕಣಬೇಡಿ." ಬೇಸರ ಎನ್ನುವುದು ಬಹಳ ಸಣ್ಣ ಮಾತು. ನಾನು ಕೆಲಸ ಕಲಿಸಿದವಳ ಕೈಕೆಳಗೆ ನಾನು! ಮನೆಗೆ ಹೋಗಿ ಊಟ ಮಾಡಲಿಲ್ಲ.

ಎರಡು ದಿನ ಯೋಚಿಸಿ ನನಗೊಂದು ಉಪಾಯ ಹೊಳೆಯಿತು. ಬೇಳೆ, ಕಡಲೆ, ಕುಚ್ಚಲಕ್ಕಿ ಎಲ್ಲ ತೆಗೆದುಹಾಕಿದೆ. ಕುಚ್ಚಲಕ್ಕಿ ತೆಗೆದದ್ದು ಸರಿಯೇ ಆಗಿತ್ತು. ಎತ್ತರದಲ್ಲಿ ಅದು ಬೇಯುವಷ್ಟರಲ್ಲಿ ಗ್ಯಾಸೇ ಮುಗಿಯುತ್ತದೆ. ಆದರೆ ಅವುಗಳ ಜಾಗಕ್ಕೆ ನಾನು ತಂದದ್ದು ಒಣಮೀನು. ಒಣ ಬಂಗಡೆ, ಮತ್ತೆ ನಾವು ಶೆಟ್ಲಿ ಎನ್ನುವ ಒಣಸಿಗಡಿಯ ಚಟ್ನಿಪುಡಿ. ಅವಲಕ್ಕಿಯ ಜೊತೆ ತಿಂದರಾಯಿತು. ಬುಟ್ಟಿ ತುಂಬ ಇದ್ದರೂ ಹುಲ್ಲಿನಷ್ಟು ಹಗುರ, ಕೆಡುವುದಿಲ್ಲ, ಬೇಯಿಸಬೇಕಾಗಿಲ್ಲ, ಶಕ್ತಿಗೂ ಒಳ್ಳೆಯದು. ಬೇಯಿಸುವುದು ಕಡಿಮೆಯಾದ ಮೇಲೆ ಗ್ಯಾಸ್ ಯಾಕೆ ಎಂದು ಮೂರು ಡಬ್ಬಿ ಇಳಿಸಿದೆ. ಹೊಸ ತಕ್ಕಡಿಯಲ್ಲಿ ತೂಗಿದರೆ ಒಂಬತ್ತೂಮುಕ್ಕಾಲು. ಪ್ರಭು ಮಾಮ ಬೆನ್ನು ತಟ್ಟಿದರು.

ನಾಗವೇಣಿ ಮೀನಿನ ಗಂಟು ಬಿಚ್ಚಿ ನೋಡಿದಳು. "ಮಾಸ್ತರೆ, ಇದು ಬೇಡ. ಕಡ್ಲಿಗೆ ಹೋಗುವಾಗ ನಮ್ಮೋರೇ ಒಣಮೀನು ತಿನ್ನುದಿಲ್ಲ. ಬಾಯಾರ್ತದೆ. ಇಲ್ಲಿ ಉಳ್ಸಿದ ಭಾರ ಅಲ್ಲಿ ನೀರಾಗಿ ಬತ್ತದೆ."

"ನಿಂಗೆ ಈ ಸಲ ನಾನು ಹಗುರ ಮಾಡಿದ್ದು ನೋಡುಕಾಗುದಿಲ್ಲ. ಅಷ್ಟೇ," ಎಂದೆ.

ಅವಳು ಗಂಟು ಕಟ್ಟಿ ಅಲ್ಲಿಟ್ಟಳು. "ಈ ತಂಡಕ್ಕೆ ಮುಖ್ಯಸ್ಥರು ನೀವು. ಆತು," ಎಂದಳು. ತನ್ನ ಹೊಟ್ಟೆಕಿಚ್ಚನ್ನು ಎದುರಿನವರ ಹೊಟ್ಟೆಯಲ್ಲಿ ಕಾಣುವುದು ಎಷ್ಟು ಸುಲಭ ನೋಡಿ.

ತಂಡದಲ್ಲಿ ಒಂಬತ್ತು ಜನ. ಅವರಲ್ಲಿ ಭಟ್ಕಳದ ಬಟ್ಟೆ ವ್ಯಾಪಾರಿ ಇಮ್ತಿಯಾಜ್ ಭಾಯ್ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ನಗಿಸುವವರು. ಮೊದಲೆರಡು ದಿನ ಜನ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಬೆನ್ನು ಹಗುರ, ಬಾಯಿಗೆ ರುಚಿ. "ಮಾಸ್ಟರ್ ಸಾಬ್, ಹಿಮದಲ್ಲಿ ಬಂಗಡೆ ತಿನ್ಸಿದ್ದು ನೀವೇ ಮೊದಲು!" ಎಂದು ಇಮ್ತಿಯಾಜ್ ಭಾಯ್ ಮೂರು ತುಂಡು ತಿಂದರು. ನಾನು ನಾಗವೇಣಿಯ ಕಡೆ ನೋಡಿದೆ. ಅವಳು ಲೋಟದಲ್ಲಿ ನೀರು ಹಂಚುತ್ತಿದ್ದಳು.

ಮೂರನೆಯ ದಿನ ಕಣಿವೆದಾರಿಯ ಏರಿನ ಕೆಳಗಿನ ಕ್ಯಾಂಪು. ಅಲ್ಲಿ ಪ್ರತಿ ವರ್ಷ ಹರಿಯುತ್ತಿದ್ದ ಹಳ್ಳ ಆ ವರ್ಷ ತಳದವರೆಗೆ ಕಟ್ಟಿತ್ತು. ಒಡೆದರೆ ಮಂಜು, ಅದರ ಕೆಳಗೆ ಕಲ್ಲು. ಹಿಮ ಕರಗಿಸುವುದೊಂದೇ ದಾರಿ. ಆದರೆ ಹಿಮ ಕರಗಿಸಲು ಬಹಳ ಗ್ಯಾಸ್ ಬೇಕು, ನಾನು ಇಳಿಸಿದ ಮೂರು ಡಬ್ಬಿ ಕುಮಟಾದ ಜಗಲಿಯಲ್ಲಿದ್ದವು. ಜನಕ್ಕೆ ಎಂದಿಗಿಂತ ಎರಡರಷ್ಟು ಬಾಯಾರಿಕೆ. ಗಡಿಬಿಡಿಯಲ್ಲಿ ನಾನು ಒಣಹಿಮವನ್ನೇ ಪಾತ್ರೆಗೆ ಒತ್ತಿ ತುಂಬಿ ಉರಿಯ ಮೇಲಿಟ್ಟೆ. ಅಡಿಯಲ್ಲಿ ಎರಡು ಲೋಟ ನೀರಿಲ್ಲದೆ ಹಿಮವಿಟ್ಟರೆ ಪಾತ್ರೆ ಸೀಯುತ್ತದೆ, ಹಿಮ ಹಾಗೇ ಕೂತಿರುತ್ತದೆ. ಪಾತ್ರೆ ಸೀದಿತು. ಸಿಕ್ಕಿದ ಅಷ್ಟಿಷ್ಟು ನೀರಿನಲ್ಲಿ ಸುಟ್ಟ ವಾಸನೆ. ಕುಡಿದವರು ಕುಡಿದರು, ಉಳಿದವರು ಹಿಮವನ್ನೇ ಬಾಯಿಗೆ ಹಾಕಿಕೊಂಡು ಇನ್ನಷ್ಟು ನಡುಗಿದರು.

ಮರುದಿನ ಬೆಳಿಗ್ಗೆ ಏರು ಹತ್ತತೊಡಗಿದೆವು. ದಾಟಿಬಿಟ್ಟರೆ ಆಚೆ ಊರಿದೆ, ನೀರಿದೆ ಎಂದು ನಾನು ಎಲ್ಲರನ್ನೂ ಎಬ್ಬಿಸಿ ಹೊರಡಿಸಿದ್ದೆ. ಹತ್ತು ಗಂಟೆಯ ಹೊತ್ತಿಗೆ ಇಮ್ತಿಯಾಜ್ ಭಾಯ್ ನಗುವುದನ್ನು ನಿಲ್ಲಿಸಿದರು. ಆಮೇಲೆ ಒಂದು ಬಂಡೆಗೆ ಒರಗಿ ಕೂತರು. ತಲೆ ಸೀಳುತ್ತಿದೆ ಎಂದರು. ಎದ್ದು ನಿಂತರೆ ಕುಡಿದವರ ಹಾಗೆ ತೂರಾಡಿದರು. ಬಾಟಲಿಗಳಲ್ಲಿ ಎಲ್ಲ ಸೇರಿ ಒಂದು ಲೀಟರೂ ಇರಲಿಲ್ಲ. ಆಚೆ ಊರಿಗೆ ಇನ್ನೂ ಆರು ತಾಸು. ಕೆಳಗೆ, ಹಿಂದಿನ ದಿನ ದಾಟಿ ಬಂದ ಕಾಡಿನಲ್ಲಿ ಹರಿಯುವ ನೀರಿತ್ತು, ಮೂರು ತಾಸಿನ ಇಳಿಜಾರು.

ಯಾವ ಮಗುವಿಗೂ ಗೊತ್ತಾಗುವ ಲೆಕ್ಕ. ನನಗೂ ಗೊತ್ತಿತ್ತು. ಆದರೆ ತಿರುಗಿದರೆ ಯಾಕೆ ತಿರುಗಿದಿರಿ ಎಂದು ಕೇಳುತ್ತಾರೆ. ನೀರಿಲ್ಲದ್ದಕ್ಕೆ, ಗ್ಯಾಸಿಲ್ಲದ್ದಕ್ಕೆ, ಒಣಮೀನಿಗೆ ಎನ್ನಬೇಕಾಗುತ್ತದೆ. ಮುಂದಿನ ವರ್ಷ ನಾಗವೇಣಿ ಮುಂದೆ, ನಾನು ಹಿಂದೆ. "ಸ್ವಲ್ಪ ಕೂತು ಹೊರಡುವಾ, ಏನೂ ಆಗುದಿಲ್ಲ," ಎಂದೆ. ನಾಚಿಕೆಯಿಲ್ಲದೆ ಹಾಗೆಂದೆ.

ಆಗ ನಾಗವೇಣಿ ತನ್ನ ಚೀಲ ಕೆಳಗಿಳಿಸಿ, ಹಿಮದ ಮೇಲೆ ಕೂತಳು. "ಮಾಸ್ತರೆ, ನಂಗೆ ಆಗುದಿಲ್ಲ. ಎದೆ ಹಿಡೀತದೆ. ಮೇಲೆ ಹತ್ತುಕೆ ಸಾಧ್ಯ ಇಲ್ಲ. ನನ್ನ ಕೆಳಗೆ ಕರ್ಕಂಡು ಹೋಗಿ," ಎಂದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಹತ್ತು ನಿಮಿಷದ ಹಿಂದೆ ಅವಳು ಇಮ್ತಿಯಾಜ್ ಭಾಯಿಯ ಚೀಲವನ್ನೂ ತನ್ನ ಚೀಲದ ಮೇಲೆ ಹೇರಿಕೊಂಡು ಏದುಸಿರಿಲ್ಲದೆ ಹತ್ತುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳಿಗೆ ಏನೂ ಆಗಿರಲಿಲ್ಲ.

"ನಾಗವೇಣಿಗೆ ಹುಷಾರಿಲ್ಲ. ಎಲ್ಲ ತಿರುಗಿ," ಎಂದು ನಾನು ಕೂಗಿದೆ. ನನ್ನ ದನಿಯಲ್ಲಿ ಎಂಥ ಅಧಿಕಾರವಿತ್ತು! ಮಧ್ಯಾಹ್ನದ ಹೊತ್ತಿಗೆ ಕಾಡಿನ ನೀರಿನ ಹತ್ತಿರ ಇದ್ದೆವು. ಇಮ್ತಿಯಾಜ್ ಭಾಯ್ ಲೋಟದ ಮೇಲೆ ಲೋಟ ಕುಡಿದು, ಸಂಜೆಗೆ ಮತ್ತೆ ನಗತೊಡಗಿದರು. "ಬೆಹೆನ್, ನಿಮ್ಮ ಎದೆನೋವು ನನ್ನ ಜೀವ ಉಳಿಸ್ತು," ಎಂದರು. ಅವರಿಗೆ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ.

ಊರಿಗೆ ಬಂದು ಪ್ರಭು ಮಾಮನಿಗೆ ವರದಿ ಕೊಟ್ಟೆ. ಅಡಿಗೆಯವಳಿಗೆ ಎತ್ತರ ಒಗ್ಗದೆ ತಂಡ ವಾಪಸು ಬಂದಿತು ಎಂದು ಬರೆದೆ. ಅವರು ಒಪ್ಪಿದರು. ದಾಟಲಾಗದ್ದು ನನ್ನ ತಪ್ಪಲ್ಲ, ಭಾರವನ್ನಂತೂ ಹತ್ತರೊಳಗೆ ಇಳಿಸಿದ್ದೇನೆ ಎಂದು ಮುಖ್ಯಸ್ಥನ ಕೆಲಸ ನನಗೇ ಕೊಟ್ಟರು. ಎತ್ತರ ಒಗ್ಗದವಳನ್ನು ಹಿಮಾಲಯಕ್ಕೆ ಕಳಿಸುವುದು ಅಪಾಯವೆಂದು ನಾಗವೇಣಿಯನ್ನು ಎರಡು ಚಳಿಗಾಲ ಯಾಣದ ಒಂದು ದಿನದ ನಡಿಗೆಗಳಿಗೆ ಹಾಕಿದರು. ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಣಮೀನನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಿದೆ, ಗ್ಯಾಸ್ ಡಬ್ಬಿ ಹೆಚ್ಚಿಸಿದೆ. ಮೂರನೆಯ ವರ್ಷ ಜನರೇ ಗಲಾಟೆ ಮಾಡಿ ಅವಳನ್ನು ಕರೆಸಿಕೊಂಡರು. ಎತ್ತರ ಅವಳಿಗೆ ಒಗ್ಗಿತು, ಒಗ್ಗದೆ ಏನು.

ಇಷ್ಟು ವರ್ಷ ನಾನು ಅವಳ ಯಾವುದಕ್ಕೆ ಹೆಚ್ಚು ಹೊಟ್ಟೆಕಿಚ್ಚುಪಟ್ಟೆ ಎಂದು ಕೇಳಿದರೆ ಅವಳ ಬೆರಳಿಗಲ್ಲ, ಜನಪ್ರೀತಿಗಲ್ಲ. ಆ ಬೆಳಿಗ್ಗೆ ಹಿಮದ ಮೇಲೆ ಕೂತು ನನ್ನ ಮಾನ ಉಳಿಸಿದಳಲ್ಲ, ಆ ದೊಡ್ಡ ಮನಸ್ಸಿಗೆ. ಅಂಥದ್ದು ನನ್ನಿಂದ ಎಂದೂ ಆಗುತ್ತಿರಲಿಲ್ಲ. ನನ್ನ ಬೀಳ್ಕೊಡುಗೆಯ ದಿನ ಪ್ರಭು ಮಾಮ ಶಾಲು ಹೊದೆಸಿ, "ಸಂಗಡಿಗರಿಗೆ ಹುಷಾರಿಲ್ಲ ಅಂದ್ರೆ ಕಣಿವೆ ದಾಟುದನ್ನೇ ಬಿಟ್ಟು ಬಂದ ಮನುಷ್ಯ" ಎಂದು ಹೊಗಳಿದಾಗ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಶಾಲಿನೊಳಗೆ ನಾನು ಬೆವೆತುಹೋದೆ.

ಹೋದ ವಾರ ಇದನ್ನೆಲ್ಲ ಬರೆದು ಮುಗಿಸಿ ಮಾವಿನಕುರ್ವೆಗೆ ಹೋದೆ. ಈಗ ಚಳಿಗಾಲದ ತಂಡಗಳಿಗೆ ಅವಳೇ ಮುಖ್ಯಸ್ಥೆ. ಮರುದಿನದ ರೈಲಿಗೆ ಹೊರಡುವ ತಯಾರಿಯಲ್ಲಿ ಅಂಗಳದ ತುಂಬ ಸಾಮಾನು ಹರಡಿಕೊಂಡಿದ್ದಳು. ಕೂರಿಸಿ ಚಹಾ ಕೊಟ್ಟಳು. ನಾನು ಓದಿ ಹೇಳಿದೆ. ದೊಡ್ಡ ಮನಸ್ಸಿನ ಮಾತು ಬಂದಾಗ ಸ್ವಲ್ಪ ನಿಧಾನವಾಗಿ ಓದಿದೆ. ಅವಳು ಹಗ್ಗ ಸುತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಇದೊಂದು ತಪ್ಪು ಬರ್ದಿದ್ರಿ ಮಾಸ್ತರೆ. ನಿಮ್ ಮಾನ ಉಳ್ಸುಕೆ ನಾನು ಕೂತದ್ದಲ್ಲ."

"ಮತ್ತೆ?"

"'ನೀವು ಮಾಡಿದ್ದು ತಪ್ಪು, ತಿರುಗಿ' ಅಂದಿದ್ರೆ ನೀವು ಹಟಕ್ಕೆ ಮೇಲೆ ಹತ್ತುತ್ತಿದ್ರಿ. ಭಾಯಿಗೆ ಆಗುದಿಲ್ಲ ಅಂತ ಕಂಡ್ರೂ ತಿರುಗ್ಲಿಲ್ಲ. ನಂಗೆ ಆಗುದಿಲ್ಲ ಅಂದ್ರೆ ಮಾತ್ರ ನಿಮ್ಗೆ ಖುಶಿ ಆಗ್ತದೆ, ಇಳೀತ್ರಿ ಅಂತ ಗೊತ್ತಿತ್ತು. ಅದ್ಕೇ ಹಾಗೆ ಹೇಳ್ದೆ."

ನಾನು ಕೈಯಲ್ಲಿದ್ದ ಹಾಳೆಗಳನ್ನು ಮಡಚಿದೆ. ಆ ದಿನ ತಿರುಗಿ ಎಂದು ಕೂಗುವಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು.